ಖಾಲಿ ಬಿಡಬೇಕಾದ ಜಾಗ

ಕಳೆದ ಭಾನುವಾರ ನನ್ನಣ್ಣ ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ಮೊದಲ ತುತ್ತಿಗೇ ಕೆಮ್ಮಿ, ಕಣ್ಣಲ್ಲಿ ನೀರು ಸುರಿಸಿ, ಲೋಟಕ್ಕೆ ತಡಕಾಡಿದ. ತಪ್ಪಿನಲ್ಲಿ ನನ್ನದೂ ಪಾಲಿದೆ. ಒಪ್ಪಿಕೊಂಡುಬಿಡುತ್ತೇನೆ.

ಮೊಮ್ಮಕ್ಕಳೇ, ಅವತ್ತು ನಿಮ್ಮ ಪುಟ್ಟ ತಮ್ಮನಿಗೆ ಅನ್ನಪ್ರಾಶನ. ಇಲ್ಲೇ ಮದರಾಸಿನ ವಡಪಳನಿ ಗುಡಿಯಲ್ಲಿ ಮುಗಿಸಿ ಬಂದು ಮನೆಯಲ್ಲಿ ಎಲೆ ಹಾಕಿದ್ದೆವು. (ನೀವು ಪಾಯಸ ಮಾತ್ರ ಇಸಿದುಕೊಂಡು ಟಿವಿ ಮುಂದೆ ಕೂತಿರಿ, ನೋಡಿದೆ.) ಬಡಿಸಿದ್ದು ನಿಮ್ಮಮ್ಮ, ಅಂದರೆ ನನ್ನ ಸೊಸೆ ಮಾಲಿನಿ. ಅವಳ ತಲೆಯೆಲ್ಲ ಆಫೀಸಿನಲ್ಲಿತ್ತು.

ಯಾಕೆ? ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿ ಇನ್ನೂ ಮೂರು ವಾರ. "ಸೋಮವಾರದೊಳಗೆ ಸರಿಹೋಗದಿದ್ದರೆ ಈ ಕೆಲಸ ಬೇರೆಯವರಿಗೆ ಕೊಡೋಣ. ಕೈಗೂಸಿದೆ, ಪಾಪ" ಅಂದಿದ್ದರಂತೆ ಮ್ಯಾನೇಜರು. ಆ "ಪಾಪ" ಅವಳಿಗೆ ಚುಚ್ಚಿತ್ತು.

ಅವಳ ಕೆಲಸವನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. (ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು. ತಪ್ಪಿದ್ದರೆ ಅಮ್ಮನನ್ನೇ ಕೇಳಿ.) ಮನೆಮನೆಗೆ ಪಾರ್ಸೆಲ್ ಕಳಿಸುವ ಒಂದು ಅಂಗಡಿಯವರ ಹೊಸ ಕಂಪ್ಯೂಟರು ಗಿರಾಕಿಗಳ ವಿಳಾಸವನ್ನು ಎಕ್ಸ್‌ಎಂಎಲ್ ಅನ್ನುವ ರೀತಿಯ ಮೆಸೇಜಿನಲ್ಲಿ ಕಳಿಸುತ್ತದೆ. ಅದರಲ್ಲಿ ಪ್ರತಿಯೊಂದಕ್ಕೂ ಹಿಂದೆ ಮುಂದೆ ಚೀಟಿ ಅಂಟಿಸಿರುತ್ತಾರೆ: ಇದು ಹೆಸರು, ಇದು ಬೀದಿ, ಇದು ಊರು. ತಿರುವೊಟ್ಟಿಯೂರಿನ ಗೋದಾಮಿನಲ್ಲಿರುವ ಹಳೇ ಕಂಪ್ಯೂಟರಿಗೆ ಈ ಚೀಟಿಗಳು ತಿಳಿಯುವುದಿಲ್ಲ. ಅದಕ್ಕೆ ಬರೀ ಟೆಕ್ಸ್ಟ್ ಫೈಲು ಬೇಕು. ಸಾಲಿನಲ್ಲಿ ಮೊದಲ ಇಷ್ಟು ಅಕ್ಷರ ಹೆಸರು, ಮುಂದಿನ ಇಷ್ಟು ಮನೆ ನಂಬರು, ಆಮೇಲೆ ಬೀದಿ, ಊರು. ಅದನ್ನು ಇದಾಗಿ ಬದಲಿಸುವ ನಡುವಿನ ಸಾಫ್ಟ್‌ವೇರು ನಿಮ್ಮಮ್ಮನದು.

ಅವಳು ಟೆಸ್ಟ್ ಮಾಡಿದಾಗೆಲ್ಲ ಸರಿ. ಗೋದಾಮಿಗೆ ಹೋದರೆ ಕೆಲವು ಪಾರ್ಸೆಲ್ಲುಗಳ ಮೇಲೆ ಮನೆ ನಂಬರಿನ ಜಾಗದಲ್ಲಿ ಬೀದಿ, ಬೀದಿಯ ಜಾಗದಲ್ಲಿ ಊರು! ಕೆಲವು ಮಾತ್ರ. ಯಾಕೆ ಅಂತ ಒಂದು ವಾರದಿಂದ ಗೊತ್ತಾಗಿರಲಿಲ್ಲ.

ಸರಿ, ಊಟಕ್ಕೆ ಬರೋಣ. ಉಪ್ಪಿನ ಬಟ್ಟಲು ಅಡಿಗೆಮನೆಯಲ್ಲೇ ಉಳಿದಿತ್ತು. ಮಾಲಿನಿ ಎಲೆಯ ಎಡತುದಿಗೆ, ಉಪ್ಪು ಬೀಳಬೇಕಾದ ಕಡೆ, ಚಟ್ನಿಪುಡಿ ಹಾಕಿದಳು. ಅದರ ಪಕ್ಕ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಎಲ್ಲವೂ ಒಂದೊಂದು ಜಾಗ ಎಡಕ್ಕೆ ಸರಿದವು. ನಾನು ನೋಡಿದೆ. ಉಪ್ಪು ತರಲು ಎದ್ದರೆ ಊಟಕ್ಕೆ ಬಂದಿದ್ದ ಬೀಗರ ಎದುರು ಸೊಸೆಯ ತಪ್ಪು ತೋರಿಸಿದಂತಾದೀತು ಅಂತ ಸುಮ್ಮನಾದೆ. (ನಿಮ್ಮ ತಾತ ಇದ್ದಿದ್ದರೆ ಬೀದಿಗೆ ಕೇಳುವಂತೆ ಹೇಳುತ್ತಿದ್ದರು.)

ಅಣ್ಣನಿಗೆ ಕಣ್ಣು ಮಂಜು. ಎಲೆಯ ಮೇಲೆ ಯಾವುದು ಎಲ್ಲಿ ಅನ್ನುವುದು ಅವನ ಬೆರಳಿಗೆ ಗೊತ್ತು. ಎಡತುದಿಯಿಂದ ಧಾರಾಳವಾಗಿ ಒಂದು ಚಿಟಿಕೆ ತೆಗೆದು ತೊವ್ವೆ ಅನ್ನಕ್ಕೆ ಕಲಸಿಕೊಂಡ.

"ಏನೇ ಇದು! ಮದರಾಸಿನಲ್ಲಿ ಉಪ್ಪೂ ಖಾರವೇನೇ?"

"ಅಯ್ಯೋ ಮಾವ, ಉಪ್ಪು ಬಡಿಸೇ ಇಲ್ಲ. ಅದು ಚಟ್ನಿಪುಡಿ!" ಅಂದಳು ಮಾಲಿನಿ.

"ಬಡಿಸದಿದ್ದರೆ ಜಾಗ ಖಾಲಿ ಬಿಡಮ್ಮಾ! ಎಲ್ಲಾ ಸರಿಸಿಬಿಟ್ಟರೆ ನನ್ನಂಥ ಕುರುಡ ಏನು ಮಾಡಬೇಕು?"

ಮಾಲಿನಿ ಪಲ್ಯದ ಪಾತ್ರೆ ಹಿಡಿದು ನಿಂತೇಬಿಟ್ಟಳು. ಆಮೇಲೆ ಪಾತ್ರೆಯನ್ನು ನನ್ನ ಕೈಗೆ ತುರುಕಿ ಫೋನಿಗೆ ಓಡಿದಳು. ಆಫೀಸಿನ ಗೆಳತಿಗೆ ತಮಿಳಿನಲ್ಲಿ ಒಂದೇ ಪ್ರಶ್ನೆ: ತಪ್ಪಾದ ಅಡ್ರೆಸ್ಸುಗಳಲ್ಲಿ ಮನೆ ನಂಬರೇ ಇಲ್ಲವಾ?

ಇರಲಿಲ್ಲ. ಗಿರಾಕಿ ಬರೆಯದಿದ್ದರೆ ಮೆಸೇಜಿನಲ್ಲಿ ಆ ಚೀಟಿಯೇ ಬರುತ್ತಿರಲಿಲ್ಲ. ಇವಳ ಸಾಫ್ಟ್‌ವೇರು ಮುಂದಿನದನ್ನು ಎಳೆದು ಅಲ್ಲಿ ಕೂರಿಸುತ್ತಿತ್ತು. ಟೆಸ್ಟಿಗೆ ಅವಳು ಕೊಡುತ್ತಿದ್ದುದು ಎಲ್ಲವೂ ತುಂಬಿದ ವಿಳಾಸ. (ನಮ್ಮ ಮನೆಯದೇ!)

ಸೋಮವಾರ ಸಂಜೆ ನಗುತ್ತಾ ಬಂದಳು. ಮನೆ ನಂಬರು ಇಲ್ಲದ ಕಡೆ ಅಷ್ಟು ಜಾಗ ಖಾಲಿ ಬಿಡುವಂತೆ ಮಾಡಿದಳಂತೆ. ಪಾರ್ಸೆಲ್ಲುಗಳು ಸರಿಹೋದವು. ಕೆಲಸ ಅವಳ ಕೈಯಲ್ಲೇ ಉಳಿಯಿತು.

"ಇನ್ನು ನೆಮ್ಮದಿಯಾಗಿ ನಿನ್ನ ಸೀಟಿನಲ್ಲಿ ಕೂತು ಕೆಲಸ ಮಾಡು" ಅಂದೆ.

"ಸೀಟೆಲ್ಲಿದೆ ಅತ್ತೆ? ನಾನು ಬಾಣಂತನಕ್ಕೆ ಹೋದ ವಾರವೇ ಪಕ್ಕದವರು ಸರಿದು ಕೂತರು. ಈಗ ನನಗೆ ಜೆರಾಕ್ಸ್ ಮೆಷಿನ್ ಪಕ್ಕ ಒಂದು ಸ್ಟೂಲು."

ಇಲ್ಲದವರ ಜಾಗ ಕಾಯಬೇಕು ಅಂತ ಸಾಫ್ಟ್‌ವೇರು ಒಂದೇ ದಿನದಲ್ಲಿ ಕಲಿಯಿತು. ಆಫೀಸು ಕಲಿಯಲು ಎಷ್ಟು ದಿನ ಬೇಕು?