ಕರೆಂಟಿನ ಪೆಟ್ಟಿಗೆಗೆ ರಾಯವ್ವನ ಕೈಬಣ್ಣ

ಮಿರಜ್ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಬುಟ್ಟಿಗಳಿನ್ನೂ ಬಿಚ್ಚಿಲ್ಲ. ವೈರಮನ್ ಬಂದು ಕರೆಂಟು ತೆಗೆದು ಹೋಗಿದ್ದಾನೆ. ರಸ್ತೆ ಬದಿಯ ಕಬ್ಬಿಣದ ಪೆಟ್ಟಿಗೆಯ ಮುಂದೆ ಗೋಣಿಚೀಲ ಹಾಸಿ, ಮೂಗಿಗೆ ಟವೆಲ್ ಸುತ್ತಿ ಧರೆಪ್ಪ ಕುಳಿತಿದ್ದಾರೆ. ಪೆಟ್ಟಿಗೆಯ ಮೈಮೇಲೆ ಅಂಗೈ ಆಡಿಸುತ್ತಾರೆ. ಒರಟು ತಾಗಿದಲ್ಲಿ ಕಬ್ಬಿಣದ ಪಟ್ಟಿಯಿಟ್ಟು ಕೆರೆಯುತ್ತಾರೆ. ತುಕ್ಕು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಪಕ್ಕದಲ್ಲಿ ಬಣ್ಣ ಕಲಸುತ್ತಿರುವ ಹೆಂಡತಿ ರಾಯವ್ವ, "ಎಡಕ್ಕ ಸರೀರಿ, ಮೂಲ್ಯಾಗ ಇನ್ನಾ ಉಳದೈತಿ" ಎನ್ನುತ್ತಾರೆ.

ಸಾಂಗಲಿ, ಮಿರಜ್ ಎರಡೂ ಊರುಗಳ ಬೀದಿಗಳಲ್ಲಿ ಇಂಥ ಪೆಟ್ಟಿಗೆಗಳಿಗೆ ಲೆಕ್ಕವಿಲ್ಲ. ಬಿಸಿಲು, ಮಳೆ, ಪಾನಿನ ಉಗುಳು, ಕೃಷ್ಣೆಯ ಮಹಾಪೂರ ಎಲ್ಲವನ್ನೂ ಅವು ಬಾಯಿ ಮುಚ್ಚಿಕೊಂಡು ಸಹಿಸುತ್ತವೆ. ಮದುವೆಯಾದ ಹೊಸತರಲ್ಲಿ ಅಥಣಿ ಕಡೆಯಿಂದ ಕೂಲಿಗೆ ಬಂದ ಈ ದಂಪತಿ ಅವುಗಳಿಗೆ ಮರುಜೀವ ಕೊಡುತ್ತ ಇಲ್ಲೇ ಬೇರೂರಿದ್ದಾರೆ. ಮೊದಲು ಕೆರೆತ, ಆಮೇಲೆ ಉಜ್ಜಾಟ, ತುಕ್ಕು ತಡೆಯುವ ಕೆಂಪು ಅಸ್ತರ, ಅದು ಒಣಗಿದ ಮೇಲೆ ಬೂದು ಬಣ್ಣ. ದಿನಕ್ಕೆ ಎರಡು ಪೆಟ್ಟಿಗೆ ಮುಗಿದರೆ ಪುಣ್ಯ. "ಹಚ್ಚಿ ಕೈ ತೊಳ್ಯೂದ್ರಾಗ ಯಾರರೆ ಬಂದು ಉಗಳ್ತಾರ್ರಿ. ಒರಸ್ಕೋತ ಬೈತೀನಿ, ಬೈಕೋತ ಒರಸ್ತೀನಿ" ಎಂದು ರಾಯವ್ವ ನಗುತ್ತಾರೆ.

ಧರೆಪ್ಪನವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಕಾರ ಕಾಣುತ್ತದೆ, ಬಣ್ಣ ಕೈಕೊಟ್ಟಿದೆ. ಹೆಜ್ಜೆಗೊಂದು ದವಾಖಾನೆ ಇರುವ ಊರಿನಲ್ಲಿದ್ದೂ ಅವರು ಬಹಳ ದಿನ ಆ ಕಡೆ ತಲೆ ಹಾಕಲಿಲ್ಲ. ಸುದ್ದಿ ಹೊರಬಿದ್ದರೆ ಕೆಲಸ ಹೋಗುತ್ತದೆಂಬ ಹೆದರಿಕೆ. ಇದು ಕೆಂಪು, ಇದು ಬೂದು ಎಂದು ರಾಯವ್ವ ಡಬ್ಬಿ ಕೈಗಿಡುತ್ತಿದ್ದುದರಿಂದ ಗುಟ್ಟು ಹೇಗೋ ಉಳಿದಿತ್ತು.

ಹೋದ ದೀಪಾವಳಿಯ ಹೊತ್ತಿಗೆ ರಾಯವ್ವನವರಿಗೆ ಜ್ವರ ಬಂತು. ಧರೆಪ್ಪ ಒಬ್ಬರೇ ಹೊರಟರು. ಅಸ್ತರ ಬಳಿದರು, ಒಣಗಲು ಬಿಟ್ಟರು, ಬೂದು ಎಂದುಕೊಂಡು ಮತ್ತೆ ಅದೇ ಕೆಂಪಿನ ಡಬ್ಬಿಗೆ ಬ್ರಶ್ ಅದ್ದಿದರು. ಯಾರನ್ನಾದರೂ ಕೇಳಬಹುದಿತ್ತು, ಕೇಳಿದರೆ ಬಂಡವಾಳ ಬಯಲಾಗುತ್ತದಲ್ಲ! ಮರುದಿನ ಶನಿವಾರ, ಮಾರುತಿಯ ವಾರ. ಕೆಂಪು ಬಳಿದ ಕಲ್ಲು ಕಂಡರೂ ಕೈಮುಗಿಯುವ ಊರಿದು. ಬೆಳಗಾಗುವುದರಲ್ಲಿ ಪೆಟ್ಟಿಗೆಗೆ ಎಕ್ಕೆ ಎಲೆಯ ಮಾಲೆ ಬಿದ್ದಿತ್ತು. ಮುಂದೆ ಒಡೆದ ತೆಂಗಿನಕಾಯಿ, ಬಾಗಿಲ ಮೇಲೆ ಎಣ್ಣೆ. ಹೂ ಮಾರುವ ಸುನಂದಾಬಾಯಿಯೇ ಮನೆತನಕ ಓಡಿಬಂದರು: "ಅಗ ರಾಯವ್ವಾ, ನಿನ್ನ ಗಂಡ ಕರೆಂಟಿನ ಮಾರುತಿ ಮಾಡ್ಯಾನ ನೋಡ ಬಾ! ನಂದೂ ನಾಕ ಮಾಲಿ ಮಾರ್ಯಾವ!"

ಊರೆಲ್ಲ ನಕ್ಕಿತು. ರಾಯವ್ವ ನಗಲಿಲ್ಲ. ಜ್ವರದಲ್ಲೇ ಎದ್ದು ಗಂಡನನ್ನು ಕರೆದುಕೊಂಡು ಬಂದರು. "ನಾ ಬೂದೀನ ಹಚ್ಚೇನಲ್ಲಾ ಅಂದ್ರು. ಅಲ್ರೀ, ಕೆಂಪ ಐತ್ರಿ ಅಂದೆ. ಅಲ್ಲೇ ಗ್ವಾಡಿಗೆ ಆತು ಕುಂತಬಿಟ್ರು. ಅವತ್ತ ಅವ್ರ ಮಾರಿ ನೋಡಾಕ ಆಗ್ಲಿಲ್ರಿ ನನಗ" ಎನ್ನುತ್ತಾರೆ ರಾಯವ್ವ.

ಗುತ್ತಿಗೆದಾರ ಶ್ರೇಣಿಕ ಬೈಕಿನಲ್ಲಿ ಬಂದಿಳಿದು ಮೊದಲು ನಕ್ಕರು. ಆಮೇಲೆ ಧರೆಪ್ಪನವರ ಮುಖದ ಮುಂದೆ ಕೈ ಆಡಿಸಿ ನೋಡಿದರು. "ಕಾಕಾ, ಕಣ್ಣ ಮಾಡಿಸ್ಕೊಳ್ಳೋ ತನಕಾ ಬ್ರಶ್ ಮುಟ್ಟಬ್ಯಾಡ್ರಿ. ಕೆರಕೋತ ಇರ್ರಿ. ಬಣ್ಣಾ ಮಾವಶಿ ಹಚ್ಚಲಿ" ಎಂದು ರಾಯವ್ವನ ಕಡೆ ಕೈ ತೋರಿಸಿದರು. ಕೆಲಸ ಉಳಿಯಿತು, ಬ್ರಶ್ ಮಾತ್ರ ಕೈ ಬದಲಾಯಿಸಿತು. ಅಲ್ಲಿಯವರೆಗೆ ಬಣ್ಣ ಕಲಸಿ ಮಾತ್ರ ಗೊತ್ತಿದ್ದ ರಾಯವ್ವ ಮಾಲೆ ತೆಗೆದು, ತಪ್ಪಾಯಿತಪ್ಪಾ ಎಂದು ಪೆಟ್ಟಿಗೆಗೇ ಕೈಮುಗಿದು, ಬೂದು ಬಳಿದರು.

ಅಂದಿನಿಂದ ಬಣ್ಣವೆಲ್ಲ ಅವರದೇ. ಧರೆಪ್ಪ ಒಣಗಿದ ಮೇಲೆ ಕೈಯಾಡಿಸಿ, "ಇಲ್ಲಿ ಬಣ್ಣಾ ಇಳದೈತಿ ನೋಡು" ಎಂದು ಮೂಗು ಮುರಿಯುತ್ತಾರೆ. ನುಣುಪಾಗಿದ್ದರೆ ಏನೂ ಹೇಳುವುದಿಲ್ಲ. ಮಾತಿಲ್ಲದ ದಿನಗಳೇ ಈಚೆಗೆ ಹೆಚ್ಚಾಗಿವೆ ಎಂದು ರಾಯವ್ವ ಪಿಸುಗುಟ್ಟುತ್ತಾರೆ.

ಬರುವ ಸೋಮವಾರ ಧರೆಪ್ಪನವರ ಒಂದು ಕಣ್ಣಿನ ಆಪರೇಶನ್. ಇಬ್ಬರಿಗೂ ಅಳುಕಿದೆ. "ಕಾಣ್ಲಿಲ್ಲಂದ್ರ ಏನ ಮಾಡೂದ್ರಿ?" ಎಂದು ಧರೆಪ್ಪ ಕೇಳಿದರೆ, "ಬಿಡ್ತು ಅನ್ರಿ" ಎಂದು ಹೆಂಡತಿ ಗದರುತ್ತಾರೆ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲು ಏನು ನೋಡುವ ಆಸೆ ಎಂದು ವಿಚಾರಿಸಿದೆವು. ಧರೆಪ್ಪ ಕೆರೆಯುವುದನ್ನು ನಿಲ್ಲಿಸಿ, ಹೆಂಡತಿಯ ದನಿ ಬಂದ ಕಡೆ ತಿರುಗಿ, "ಇಕಿ ಮಾರಿ ನೋಡ್ಬೇಕ್ರಿ" ಎನ್ನುತ್ತಾರೆ.

ರಾಯವ್ವ ನಾಚಿ ಸೆರಗೆಳೆದುಕೊಳ್ಳುತ್ತಾರೆ. ಆದರೆ ಒಪ್ಪುವುದಿಲ್ಲ.

"ಮಾರಿ ಎಲ್ಲಿ ಓಡಿ ಹೊಕ್ಕೈತ್ರಿ? ಮೊದ್ಲ ಈ ಪೆಟ್ಟಿಗಿ ನೋಡ್ಲಿ. ಈ ರಸ್ತೇದು ಎಲ್ಲಾ ನಾನ ಹಚ್ಚೇನಿ."