ರಿವರ್ಸ್ ಇಲ್ಲದ ಮನೆ

ಹುಣಸೆಹಣ್ಣಿನ ಡಬ್ಬಿಯ ಮುಚ್ಚಳಕ್ಕೆ ಹಳೆಯ ಸೀರೆಯ ಅಂಚನ್ನು ಸುತ್ತಿ ಕಟ್ಟುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು ಗಂಟು ಬಿದ್ದ ಮೇಲೆ. ಮುಚ್ಚಳ ಬಿಗಿಯಾಗಿಯೇ ಇತ್ತು. ನಮ್ಮ ಅಡುಗೆಮನೆ ಎಲ್ಲಿಗೂ ಹೊರಟಿರಲಿಲ್ಲ. ನಡುಮನೆಯಲ್ಲಿ ನಮ್ಮ ಯಜಮಾನರು ಪ್ರವಾಸದ ಕಂಪನಿಯವರು ಕೊಟ್ಟ ಬಣ್ಣದ ಹಾಳೆಗಳನ್ನು ಮೇಜಿನ ತುಂಬ ಹರಡಿಕೊಂಡು, “ಹರಿದ್ವಾರದಲ್ಲಿ ಜಾಸ್ತಿ ದಿನ ಇರೋಣವೋ, ಬದರಿಯಲ್ಲೋ? ನೀನೇ ಹೇಳು” ಎಂದು ಕೂಗುತ್ತಿದ್ದರು. ನನಗೆ ಉತ್ತರ ಕೊಡುವಷ್ಟು ಉತ್ಸಾಹವಿರಲಿಲ್ಲ. ಈಚೆಗೆ ಯಾವುದಕ್ಕೂ ಇರುವುದಿಲ್ಲ. ಹಾಗಾಗಿ ಕೈ ತನಗೆ ಗೊತ್ತಿದ್ದ ಒಂದು ಕೆಲಸವನ್ನು ಮಾಡಿಕೊಂಡಿರಬೇಕು.

ಈ ಕಟ್ಟು ನನ್ನದಲ್ಲ, ನನ್ನ ದೊಡ್ಡಮ್ಮನದು. ಅವಳ ಮನೆಯಲ್ಲಿ ಒಂದು ಕಾಲಕ್ಕೆ ಮುಚ್ಚಳವಿದ್ದ ಪ್ರತಿಯೊಂದಕ್ಕೂ ಸೊಂಟಪಟ್ಟಿ ಇರುತ್ತಿತ್ತು. ಆ ಮನೆಗೆ ಚಕ್ರಗಳಿದ್ದವು.

ಮುಂದೆ ಹೋಗುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಾನು ಹುಡುಗಿಯಾಗಿದ್ದಾಗಿನಿಂದ ದಿನಚರಿ ಬರೆಯುವವಳು. ನೀವು ಅದನ್ನು ನಂಬಿ ಈ ಬರಹವನ್ನೂ ನಂಬಿದರೆ ಮೋಸಹೋಗುತ್ತೀರಿ. ಆ ಚಕ್ರದ ಮನೆಯಲ್ಲಿ ನಾನು ಕಳೆದ ಬೇಸಿಗೆಯ ಪುಟಗಳನ್ನು ತೆಗೆದು ನೋಡಿದೆ. “ಸೆಕೆ. ಮತ್ತೆ ಉಪ್ಪಿಟ್ಟು.” “ಟೈರು.” ಇಂಥವೇ ಇವೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದ, ತನ್ನನ್ನು ಬಹಳ ಸೂಕ್ಷ್ಮ ಮನಸ್ಸಿನವಳೆಂದು ತಿಳಿದಿದ್ದ ಹುಡುಗಿ ಕಂಡದ್ದು ಇಷ್ಟು. ಉಳಿದದ್ದೆಲ್ಲ ಆಮೇಲೆ ನೆನಪು ಹೊಲಿದದ್ದು. ಹೊಲಿಗೆಯಲ್ಲಿ ಯಾವುದು ಹಳೆಯ ಬಟ್ಟೆ, ಯಾವುದು ತೇಪೆ ಎಂದು ನನಗೇ ಈಗ ಸರಿಯಾಗಿ ತಿಳಿಯುವುದಿಲ್ಲ.

ದೊಡ್ಡಪ್ಪ, ಎಂದರೆ ನಮ್ಮ ತಂದೆಯ ಅಣ್ಣ, ಶಾಲೆಗಳ ಇನ್‌ಸ್ಪೆಕ್ಟರಾಗಿದ್ದರು. ಗೌರಿಬಿದನೂರಿನಿಂದ ಚಿಂತಾಮಣಿ, ಅಲ್ಲಿಂದ ಶಿಡ್ಲಘಟ್ಟ, ಅಲ್ಲಿಂದ ಚಿಕ್ಕಬಳ್ಳಾಪುರ, ಮತ್ತೆ ಗೌರಿಬಿದನೂರು, ಹೀಗೆ ಇದೇ ಸೀಮೆಯೊಳಗೆ ಗಾಣದ ಎತ್ತಿನಂತೆ ವರ್ಗವಾಗುತ್ತಿದ್ದರು. ಪ್ರತಿ ಊರಿನಲ್ಲೂ ಬಾಡಿಗೆ ಮನೆ. ಪ್ರತಿ ಮನೆಯಲ್ಲೂ ದೊಡ್ಡಮ್ಮ ಮೊದಲು ಮಾಡುತ್ತಿದ್ದದ್ದು ಒಲೆ ಹಾಕುವುದು. ಮಣ್ಣು ಕಲಸಿ, ಒಲೆಯ ಗುಂಡುಗಳನ್ನು ತಿದ್ದಿ, ಯಾವ ಗಾಳಿಗೆ ಹೊಗೆ ಎತ್ತ ತಿರುಗುತ್ತದೆಂದು ಅವಳಿಗೆ ಅಂದಾಜು ಸಿಗುವ ಹೊತ್ತಿಗೆ ವರ್ಗದ ಆರ್ಡರು ಬರುತ್ತಿತ್ತು. ದೊಡ್ಡಪ್ಪ ಆ ಒಲೆಯ ಮುಂದೆ ಕುಳಿತು ಉಂಡದ್ದೂ ಕಡಿಮೆ. ಅವರಿಗೆ ಸದಾ ಸರ್ಕೀಟು. ಹಳ್ಳಿ ಶಾಲೆಗಳಿಗೆ ಬಸ್ಸಿನಲ್ಲೋ ಎತ್ತಿನ ಗಾಡಿಯಲ್ಲೋ ಹೋದರೆ ವಾರವಾದರೂ ಬರುತ್ತಿರಲಿಲ್ಲ. ಮಕ್ಕಳಿರಲಿಲ್ಲ. ದೊಡ್ಡಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು.

ಚಿಂತಾಮಣಿಯಲ್ಲಿದ್ದಾಗ ಒಂದು ಬೆಳಿಗ್ಗೆ, ಹಾಸಿಗೆಯ ಸುರುಳಿ ಹೆಗಲಿಗೇರಿಸಿ ಹೊರಟಿದ್ದ ಗಂಡನಿಗೆ ಅವಳು, “ನೀವು ಊರೂರು ನೋಡ್ಕೊಂಡು ಬನ್ನಿ, ನಾನು ಈ ಒಲೆ ನೋಡ್ಕೊಂಡು ಸಾಯ್ತೀನಿ” ಎಂದಳಂತೆ. ಕೋಪದ ಮಾತು. ಹೇಳಿದವಳು ಸಾರು ಕುದಿಯುವಷ್ಟರಲ್ಲಿ ಮರೆತಳು. ಕೇಳಿದವರು ಮರೆಯಲಿಲ್ಲ.

ನಿವೃತ್ತರಾದ ಮೇಲೆ ಅವರು ವ್ಯಾನೊಂದನ್ನು ತಂದು ಬಾಗಿಲಲ್ಲಿ ನಿಲ್ಲಿಸಿದರು. ಅದು ಮೊದಲು ಟೆಂಟ್ ಸಿನಿಮಾದ ಪ್ರಚಾರಕ್ಕೆ ಊರೂರು ಸುತ್ತುತ್ತಿದ್ದ ಗಾಡಿ. ಒಳಗೆ ಎರಡು ಮಂಚದ ಹಲಗೆ, ಪಾತ್ರೆಗೆ ಗೂಟ, ಸೀಮೆಎಣ್ಣೆ ಸ್ಟವ್ ಇಡಲು ತಗಡು ಹೊಡೆದ ಒಂದು ಮೂಲೆ, ಎಲ್ಲವನ್ನೂ ಬಡಗಿಯ ಪಕ್ಕದಲ್ಲಿ ನಿಂತು ಮಾಡಿಸಿದ್ದರು. ಹೊರಗೆ ನೀಲಿ ಬಣ್ಣ ಬಳಿಸಿದ್ದರು. ಆದರೆ ಬಣ್ಣ ತೆಳುವಾಗಿತ್ತೋ, ಅಡಿಯ ಚಿತ್ರ ಗಟ್ಟಿಯಾಗಿತ್ತೋ, ಬಿಸಿಲೇರಿದಂತೆ ಎಡಗಡೆಯ ತಗಡಿನಲ್ಲಿ ಯಾವುದೋ ನಾಯಕಿಯ ಒಂದು ಕಣ್ಣು ಮೆಲ್ಲಗೆ ಮೂಡುತ್ತಿತ್ತು. ಹಳ್ಳಿಗೆ ಹೋದರೆ ಜನ ಹಿಂದೆ ಬಿದ್ದು, “ಯಾವ ಪಿಚ್ಚರು ಸಾಮಿ, ಟೆಂಟು ಎಲ್ಲಿ ಹಾಕ್ತೀರ?” ಎಂದು ಕೇಳುತ್ತಿದ್ದರು. ಶಾಲೆಗಳನ್ನೆಲ್ಲ ಗಡಗಡ ನಡುಗಿಸಿದ್ದ ದೊಡ್ಡಪ್ಪ, “ಪಿಚ್ಚರಿಲ್ಲಪ್ಪ, ಇದು ನಮ್ಮ ಮನೆ” ಎಂದು ಸಮಜಾಯಿಷಿ ಕೊಡಬೇಕಾಗುತ್ತಿತ್ತು.

ಆ ಮನೆಗೆ ರಿವರ್ಸ್ ಇರಲಿಲ್ಲ. ಗೇರು ಹಿಂದಕ್ಕೆ ಬೀಳುತ್ತಲೇ ಇರಲಿಲ್ಲ. “ಹಿಂದಕ್ಕೆ ಯಾಕೆ ಹೋಗ್ಬೇಕು? ನೋಡೋಕೆ ಹೊರಟಿರೋದು ಮುಂದಿನ ಊರು” ಎಂದು ದೊಡ್ಡಪ್ಪ ಹೇಳುತ್ತಿದ್ದರು. ನನ್ನನ್ನು ದೊಡ್ಡಮ್ಮನಿಗೆ ಜೊತೆಯೆಂದು ಕಳಿಸಿದ್ದರು. ಜೊತೆಯವಳ ಮುಖ್ಯ ಕೆಲಸ, ಗಾಡಿ ನಿಲ್ಲಿಸುವ ಮೊದಲು ಇಳಿದುಹೋಗಿ ಮುಂದೆ ದಾರಿ ಇದೆಯೇ ಎಂದು ನೋಡಿಬರುವುದು.

ಗೌರಿಬಿದನೂರಿನ ಕಡೆಯಿಂದ ಹೊರಟೆವು. ದೊಡ್ಡಪ್ಪ ತಾವು ಕಂಡಿದ್ದನ್ನೆಲ್ಲ ಅವಳಿಗೆ ತೋರಿಸುತ್ತಾ ಹೋದರು. “ಈ ಶಾಲೆ ನೋಡು, ಆಗ ಸೂರೇ ಇರ್ಲಿಲ್ಲ.” “ಈ ಅರಳಿಕಟ್ಟೆ ನೋಡು, ಇಲ್ಲೇ ನಾನು ಮಲಗ್ತಿದ್ದದ್ದು.” ದೊಡ್ಡಮ್ಮ ನೋಡುತ್ತಿದ್ದಳು. ನೋಡಿ, ಸೆರಗಿನಲ್ಲಿ ಧೂಳು ಒರೆಸಿಕೊಂಡು, ಮುಚ್ಚಳಗಳ ಗಂಟು ಸರಿಯಾಗಿದೆಯೇ ಎಂದು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಎಣ್ಣೆ ಒಮ್ಮೆ ಚೆಲ್ಲಿ ಹಾಸಿಗೆಯೆಲ್ಲ ನೆಂದಿತ್ತು. ಗಾಡಿ ನಿಂತಾಗಲೂ ಅವಳ ಮೈ ಇನ್ನೂ ಕುಲುಕುತ್ತಿರುವಂತೆ ಕಾಣುತ್ತಿತ್ತು. “ಹೇಗಿದೆ?” ಎಂದು ಅವರು ಕೇಳಿದರೆ, “ಚೆನ್ನಾಗಿದೆ” ಎನ್ನುತ್ತಿದ್ದಳು. ಆ “ಚೆನ್ನಾಗಿದೆ” ದಿನದಿನಕ್ಕೆ ಸಣ್ಣದಾಗುತ್ತಾ ಹೋಯಿತು. ಒಂದು ಸಂಜೆ ಅವಳ ಕಾಲು ಒತ್ತುತ್ತಿದ್ದಾಗ, “ಅವರಿಗೆ ಹೇಳಬಾರದಾ ದೊಡ್ಡಮ್ಮ?” ಎಂದೆ. “ಏನಂತ ಹೇಳ್ಲಿ ಕಣೇ? ನನಗೋಸ್ಕರ ಮಾಡಿಸಿದಾರೆ. ಆ ಮುಖ ನೋಡ್ಕೊಂಡು ಬೇಡ ಅನ್ನಕ್ಕಾಗತ್ತಾ?” ಎಂದಳು.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವಾಗ ದೊಡ್ಡಪ್ಪ ಒಂದು ಹಳ್ಳಿಯತ್ತ ಹೊರಳಿಸಿದರು. ಊರಿನ ಹೆಸರು ಬರೆಯುವುದಿಲ್ಲ. ನನ್ನ ತಲೆಯಲ್ಲಿ ಎರಡು ಹೆಸರುಗಳಿವೆ, ಎರಡೂ ತಾನೇ ಎನ್ನುತ್ತವೆ. ಇಕ್ಕೆಲದಲ್ಲೂ ಹಿಪ್ಪುನೇರಳೆ ತೋಟ. ಊರೆಲ್ಲ ರೇಷ್ಮೆ ಹುಳು ಸಾಕುವವರು. ಹುಳು ಮನೆಯಲ್ಲಿದ್ದಾಗ ಅವರ ಕಟ್ಟುನಿಟ್ಟು ಮಠದವರನ್ನು ಮೀರಿಸುತ್ತದೆ. ಒಗ್ಗರಣೆ ಸಿಡಿಸುವುದಿಲ್ಲ, ಊದುಬತ್ತಿ ಹಚ್ಚುವುದಿಲ್ಲ, ಬೀಡಿ ಸೇದುವವನು ಆ ಬೀದಿಗೇ ಬರುವುದಿಲ್ಲ. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಘಾಟು ತಾಗಿದರೆ ಹುಳು ಮೇವು ಬಿಡುತ್ತದೆ. ಇದನ್ನೆಲ್ಲ ದೊಡ್ಡಪ್ಪ ಎಷ್ಟೋ ವರ್ಷ ನೋಡಿದ್ದವರೇ. ಆದರೆ ಆಗ ಅವರು ಊರೊಳಗೆ ಕಾಲ್ನಡಿಗೆಯಲ್ಲಿ ಬಂದು ಹೋಗುತ್ತಿದ್ದರು. ಈಗ ತಮ್ಮ ಜೊತೆಗೆ ಬರುತ್ತಿದ್ದ ಹೊಗೆ ಅವರಿಗೆ ಹೊಳೆಯಲಿಲ್ಲ. ನಾನು ಇಳಿದು ನೋಡುವಷ್ಟರಲ್ಲಿ ವ್ಯಾನು ಒಂದು ಓಣಿಗೆ ನುಗ್ಗಿ ಅದರ ಕೊನೆಯ ಮನೆಯೆದುರು ನಿಂತಿತ್ತು. ಮುಂದೆ ಗೋಡೆ. ಹಿಂದಕ್ಕೆ ಗೇರಿಲ್ಲ. ಎಂಜಿನ್ನು ಕಪ್ಪಗೆ ಕೆಮ್ಮುತ್ತಿತ್ತು.

ಆ ಮನೆಯೊಳಗಿಂದ ಒಬ್ಬ ಹೆಂಗಸು ಸೊಪ್ಪಿನ ಕೈಯಲ್ಲೇ ಓಡಿಬಂದಳು. ಅವಳು ಪಿಳ್ಳಮ್ಮ.

“ಅಯ್ಯೋ ರಾಮುಡಾ! ನಿಲ್ಸಯ್ಯಾ ಅದನ್ನ! ಹುಳ ಎದ್ದು ಮೇಯ್ತಾ ಅವೆ, ಎಲ್ಲಾನೂ ಸಾಯಿಸ್ಬಿಡ್ತೀಯಾ? ಪಿಚ್ಚರು ತೋರ್ಸೋಕೆ ನಮ್ಮನೇ ಬಾಗ್ಲೇ ಬೇಕಿತ್ತಾ ನಿಂಗೆ?”

“ಇದು ಪಿಚ್ಚರಲ್ಲಮ್ಮ...”

“ಏನಾದ್ರೂ ಆಗ್ಲಿ, ಆಚೆಗೆ ತಗಿ!”

ಗಂಡಸರು ಸೇರಿ ವ್ಯಾನಿನ ಮೂತಿಗೆ ಹೆಗಲು ಕೊಟ್ಟು ಓಣಿಯುದ್ದಕ್ಕೂ ಹಿಂದಕ್ಕೆ ನೂಕಿದರು. ದೊಡ್ಡಮ್ಮ ಒಳಗೇ, ಕಟ್ಟಿದ ಪಾತ್ರೆಗಳ ನಡುವೆ, ಕಿಟಕಿಯ ಸರಳು ಹಿಡಿದು ಕುಳಿತಿದ್ದಳು. ಅವಳ ಕಿಟಕಿಯ ಕೆಳಗೆ ನಾಯಕಿಯ ಕಣ್ಣು. ಇಬ್ಬರೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತಾ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಊರಾಚೆಯ ಹುಣಸೆ ತೋಪಿನಲ್ಲಿ ಗಾಡಿ ನಿಂತಿತು.

ದೊಡ್ಡಮ್ಮ ಇಳಿದವಳೇ ಬಾವಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಮಡಿಸಿಟ್ಟಿದ್ದ ಸೀರೆಯುಟ್ಟು, ಪಿಳ್ಳಮ್ಮನ ಮನೆಗೆ ನಡೆದಳು. ತಪ್ಪಾಯಿತೆಂದು ಹೇಳಿಬರಲು ಎಂದುಕೊಂಡು ನಾನೂ ಹಾಗೇ ಮಿಂದು ಹಿಂಬಾಲಿಸಿದೆ. ಪಿಳ್ಳಮ್ಮ ಹೊಸ್ತಿಲಲ್ಲೇ ನಮ್ಮನ್ನು ಮೂಸಿದಳು. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಮೂಸಿದಳು. ಅವಳ ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು. ಹುಳು ಪೊರೆ ಬಿಡುವುದಕ್ಕೆ ಅಲ್ಲಿಯವರು ಜ್ವರ ಎನ್ನುತ್ತಾರೆ. ಕೊನೆಯ ಜ್ವರದಿಂದೆದ್ದ ಹುಳುವಿನ ಹಸಿವಿಗೆ ಒಬ್ಬಳ ಕೈ ಯಾವ ಮೂಲೆಗೆ? “ನೀನು ಸೊಪ್ಪು ಹಾಕ್ತೀಯಾ ಅಕ್ಕಯ್ಯ?” ಎಂದು ಕೇಳಿದಳು. ಆಮೇಲೆ ಹೇಳಿದಳು: “ಒಂದ್ಸಲ ಕೈ ಹಾಕಿದ್ರೆ ಹುಳ ಚಂದ್ರಿಕೆ ಹತ್ತೋಗಂಟ ಊರು ಬಿಟ್ಟು ಹೋಗಂಗಿಲ್ಲ. ಕೈ ಬದಲಾದ್ರೆ ಹುಳಕ್ಕಾಗಲ್ಲ.”

ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಬಿದಿರಿನಲ್ಲಿ ಸುರುಳಿಸುರುಳಿಯಾಗಿ ಹೆಣೆದ ತಟ್ಟಿ. ದೊಡ್ಡಮ್ಮ ಒಂದು ಕ್ಷಣವೂ ಯೋಚಿಸದೆ ಸೊಪ್ಪಿನ ಬುಟ್ಟಿಗೆ ಕೈ ಹಾಕಿದಳು.

ಈ ಪದ್ಧತಿ ನಿಜವಾಗಿ ಇದೆಯೇ? ಮುಂದೆ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಕೆಲವರು ಇದೆ ಎಂದರು. ಕೆಲವರು, “ಅದ್ಯಾರಮ್ಮ ನಿಂಗೆ ಹೇಳಿದ್ದು?” ಎಂದು ನಕ್ಕರು. ಪಿಳ್ಳಮ್ಮ ದೊಡ್ಡಮ್ಮನ ಮುಖ ನೋಡಿ ಅಲ್ಲೇ ಹುಟ್ಟಿಸಿದ ನಿಯಮವೋ, ಕೆಲಸಕ್ಕೆ ಆಳು ಉಳಿಯಲೆಂದು ಹೂಡಿದ ಉಪಾಯವೋ, ನನಗೆ ಗೊತ್ತಿಲ್ಲ.

ನಾವಿಬ್ಬರೂ ಪಿಳ್ಳಮ್ಮನ ಮನೆಯಲ್ಲೇ ಉಳಿದೆವು. ಆ ದಿನಗಳಲ್ಲಿ ದೊಡ್ಡಮ್ಮ ಅಲ್ಲಾಡದ ನೆಲದ ಮೇಲೆ ನಿಂತಿದ್ದಳು. ಹೊತ್ತು ಹೊತ್ತಿಗೆ ಹುಳುವಿನ ಬಿದಿರು ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ಒಣ ತರಗೆಲೆಯ ಮೇಲೆ ಯಾರೋ ನಿಧಾನವಾಗಿ ನಡೆಯುತ್ತಿರುವಂಥ ಹುಳುವಿನ ಮೇವಿನ ಸದ್ದು ಕೇಳುತ್ತಾ ಗೋಡೆಗೊರಗಿ ಕುಳಿತಲ್ಲೇ ತೂಕಡಿಸುತ್ತಿದ್ದಳು. ದೊಡ್ಡಪ್ಪ ನಸ್ಯದ ಚಟದವರು. ಹೊಗೆಸೊಪ್ಪು ಹುಳುವಿಗೆ ವಿಷ. ಹಾಗಾಗಿ ಅವರಿಗೆ ಅಂಗಳದ ಆಚೆಯೇ ತಡೆ. ಸಂಜೆ ಬೇಲಿಯ ಹೊರಗೆ ನಿಂತು ಕೂಗುತ್ತಿದ್ದರು.

“ಊಟ ಆಯ್ತಾ?”

“ಆಯ್ತು. ನಿಮ್ದು?”

“ಅನ್ನ ಸೀದೋಯ್ತು. ಇನ್ನೂ ಎಷ್ಟು ದಿನ?”

“ನನಗೇನು ಗೊತ್ತು? ಹುಳ ಹೇಳ್ಬೇಕು.”

ಪಿಳ್ಳಮ್ಮ ಒಳಗಿನಿಂದ, “ಪಾಪ, ಹೆಂಡ್ತೀನ ತೌರಿಗೆ ಕಳ್ಸಿದ ಮದ್ಲಿಂಗನಂಗೆ ನಿಂತವ್ನೆ ನೋಡಕ್ಕಯ್ಯ” ಎನ್ನುತ್ತಿದ್ದಳು. ದೊಡ್ಡಮ್ಮ ಆ ಪ್ರವಾಸದಲ್ಲಿ ನಕ್ಕದ್ದು ಅದೇ ಮೊದಲು.

ಹುಳು ಮೇದು ಬಲಿತು ಹಣ್ಣಾಯಿತು, ಚಂದ್ರಿಕೆ ಹತ್ತಿತು. “ಇನ್ನು ಹೋಗ್ಬೋದು ಅಕ್ಕಯ್ಯ” ಎಂದಳು ಪಿಳ್ಳಮ್ಮ. ತೋಪಿನಲ್ಲಿ ದೊಡ್ಡಪ್ಪ ಆಗಲೇ ಹ್ಯಾಂಡಲ್ ತಿರುಗಿಸಿ ಎಂಜಿನ್ನು ಎಬ್ಬಿಸಿದ್ದರು. ದೊಡ್ಡಮ್ಮ ವ್ಯಾನಿನ ಮೆಟ್ಟಿಲವರೆಗೆ ಬಂದಳು. ಹತ್ತಲಿಲ್ಲ.

“ಬಾ, ಕೈವಾರಕ್ಕೆ ಹೋಗಣ. ನೀನು ನೋಡೇ ಇಲ್ಲ.”

“ನೋಡ್ದಿದ್ರೆ ಬಿಡಿ.”

“ಅಂದ್ರೆ?”

“ನನಗೆ ಸಾಕಾಗಿದೆ ರೀ. ಅಲ್ಲಾಡದ ಒಂದು ಒಲೆ ಮಾಡ್ಕೊಡಿ. ಇನ್ನೇನೂ ಬೇಡ.”

“ನೀನೇ ಅಲ್ವೇನೇ ಚಿಂತಾಮಣೀಲಿ ಅಂದಿದ್ದು? ನಾನೊಬ್ನೇ ಊರೂರು ನೋಡ್ತೀನಿ ಅಂತ?”

“ನೀವು ಮನೇಲಿರಿ ಅಂತ ಅಂದಿದ್ದು ಅದು.”

“ಹಾಗಂತ ಹೇಳ್ಲಿಲ್ವಲ್ಲ.”

“ಇಲ್ಲ. ಹೇಳ್ಬೇಕಿತ್ತು. ಈಗ ಹೇಳ್ತಿದೀನಿ.”

ದೊಡ್ಡಪ್ಪ ಹೋಗಿ ತಮ್ಮ ಸೀಟಿನಲ್ಲಿ ಕುಳಿತು ಸ್ಟೀರಿಂಗಿನ ಮೇಲೆ ಹಣೆಯಿಟ್ಟರು. ಬಹಳ ಹೊತ್ತು ಹಾಗೇ ಇದ್ದರು. ನಾನು ಹಿಂದೆ ನಿಂತಿದ್ದೆ. ಎಂಜಿನ್ನಿನ ನಡುಕಕ್ಕೆ ಅವರ ಬೆನ್ನು ಅದುರುತ್ತಿತ್ತು. ಬಿ.ಎ. ಓದಿದವಳಿಗೆ ಇಂಥ ಹೊತ್ತಿನಲ್ಲಿ ದೊಡ್ಡ ದೊಡ್ಡ ಮಾತು ಹೊಳೆಯುತ್ತವೆ. ಕನಸು ಒಡೆದ ಮನುಷ್ಯ ಎಂದುಕೊಂಡೆ. ದೊಡ್ಡಮ್ಮನ ಮೇಲೆ ಸ್ವಲ್ಪ ಸಿಟ್ಟೂ ಬಂತು.

ಚಿಕ್ಕಬಳ್ಳಾಪುರದಲ್ಲಿ ಮನೆ ಹಿಡಿದರು. ಮೊದಲ ದಿನಗಳಲ್ಲಿ ದೊಡ್ಡಪ್ಪ ಬರೇ ಮಲಗಿದರು. ಉಂಡು ಮಲಗುವರು, ಎದ್ದು ಕಾಫಿ ಕುಡಿದು ಮತ್ತೆ ಮಲಗುವರು. ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದು ನೆಂಟರೆಲ್ಲ ಮಾತಾಡಿಕೊಂಡರು, ನಾನೂ ತಲೆಯಾಡಿಸಿದೆ. ವ್ಯಾನು ಹಿತ್ತಲ ಬೇವಿನ ಮರದಡಿ ನಿಂತಿತು. ಪಕ್ಕದ ಮನೆಯ ಕೋಳಿಗಳು ಅದರಲ್ಲಿ ಮೊಟ್ಟೆಯಿಡಲು ಕಲಿತವು. ದೊಡ್ಡಮ್ಮ ಮಣ್ಣು ಕಲಸಿ ಒಲೆ ಹಾಕಿದಳು. ಆದರೆ ಮುಚ್ಚಳಗಳಿಗೆ ಕಟ್ಟುವುದನ್ನು ಬಿಡಲಿಲ್ಲ.

“ಈಗ್ಯಾಕೆ ದೊಡ್ಡಮ್ಮ ಇದು?” ಎಂದು ಕೇಳಿದ್ದೆ.

“ಇವರನ್ನ ನಂಬಕ್ಕಾಗಲ್ಲ ಕಣೇ. ಯಾವ ಗಳಿಗೇಲಿ ಹ್ಯಾಂಡಲ್ ತಿರುಗಿಸ್ತಾರೋ” ಎಂದಳು. ಜಗಲಿಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ದೊಡ್ಡಪ್ಪನ ಹೊಟ್ಟೆ ನಗುವಿಗೆ ಕುಲುಕಿತು.

“ಏನು, ಹರಿದ್ವಾರವೋ ಬದರಿಯೋ?” ಯಜಮಾನರು ಮತ್ತೆ ಕೂಗಿದರು.

ಡಬ್ಬಿ ಹಿಡಿದುಕೊಂಡೇ ನಡುಮನೆಗೆ ಹೋದೆ. “ಬದರಿಗೆ ಹೋಗ್ಬೇಕು ಅಂತ ನಾನು ಯಾವತ್ತಾದ್ರೂ ಅಂದಿದ್ನಾ?”

“ಅಂದಿದ್ದೆ. ಮದುವೆಯಾದ ಹೊಸದರಲ್ಲಿ. ಎಲ್ಲರೂ ಎಲ್ಲೆಲ್ಲೋ ಹೋಗಿಬರ್ತಾರೆ, ನೀವು ನನ್ನ ಎಲ್ಲಿಗೂ ಕರ್ಕೊಂಡು ಹೋಗಲ್ಲ ಅಂತ ಅತ್ತಿದ್ದೆ.”

ನನಗೆ ಒಂದಿಷ್ಟೂ ನೆನಪಿಲ್ಲ. ಇಲ್ಲವೆನ್ನಲೂ ಧೈರ್ಯವಾಗಲಿಲ್ಲ. ಅತ್ತಿದ್ದು ನಿಜವಾದರೂ, ಅದು ಬದರಿಗಾಗಿ ಆಗಿರಲಾರದು.

“ಈಗ ಬೇಡ ರೀ” ಎಂದೆ. “ಸುಸ್ತಾಗತ್ತೆ. ಸಾಕು.”

ಅವರು ನನ್ನನ್ನೇ ನೋಡಿದರು. ಕನ್ನಡಕ ತೆಗೆದರು. ಹಾಳೆಗಳನ್ನೆಲ್ಲ ಒಟ್ಟುಮಾಡಿ, ಅವುಗಳ ಮೇಲೆ ಕೈ ಮಡಿಸಿ, ಕೈಮೇಲೆ ಹಣೆಯಿಟ್ಟರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಆ ಮಡಿಸಿದ ಕೈಗಳೊಳಗಿಂದ “ಅಬ್ಬಾ!” ಎಂಬ ಸದ್ದು ಬಂತು.

“ನನ್ನ ಕೈಲೂ ಆಗ್ತಿರ್ಲಿಲ್ಲ ಕಣೇ. ನೀನು ಕಾಯ್ತಿದೀಯ ಅಂದ್ಕೊಂಡಿದ್ದೆ.”

ಹುಣಸೆ ತೋಪಿನಲ್ಲಿ ನಾನು ಕಂಡಿದ್ದು ದೊಡ್ಡಪ್ಪನ ಬೆನ್ನನ್ನು ಮಾತ್ರ. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಅಲ್ಲೊಂದು ಕನಸು ಒಡೆದ ಮುಖವನ್ನು ನಾನೇ ಬರೆದಿಟ್ಟುಕೊಂಡಿದ್ದೆ.

ಡಬ್ಬಿಯ ಗಂಟು ಬಿಚ್ಚಿದೆ. ಸಾರಿಗೆ ಹುಣಸೆಹಣ್ಣು ನೆನೆಹಾಕಬೇಕಿತ್ತು.