ತುತ್ತು ಹಿಡಿದ ಕೈ

ಹಂಸಾಳಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಜುರಾಂಗ್ ವೆಸ್ಟಿನ ಮನೆಯಿಂದ ಚಾಂಗಿ ಬಿಸಿನೆಸ್ ಪಾರ್ಕಿನ ಆಫೀಸಿಗೆ ದ್ವೀಪದ ಈ ತುದಿಯಿಂದ ಆ ತುದಿಗೆ ಹೋಗಬೇಕು. ಎಂಆರ್‌ಟಿ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿ ನಿಂತೇ ಹೋಗುತ್ತಾಳೆ. ಬ್ಯಾಂಕೊಂದರ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಕಂಡ ತಪ್ಪು ಸರಿಯಾಗುವವರೆಗೆ ಊಟ ಸೇರುವುದಿಲ್ಲ.

ಮಗಳು ತನ್ಮಯಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಆಪರೇಷನ್ ಆಗಿ, ಕಿವಿಯ ಹಿಂದೆ ಯಂತ್ರ ಕೂತು ವರ್ಷವಾಯಿತು. ಈಗ ಕುಕ್ಕರ್ ಕೂಗಿದರೆ ತಿರುಗುತ್ತಾಳೆ, ಲಿಫ್ಟಿನ ಸದ್ದಿಗೆ ಬಾಗಿಲಿಗೆ ಓಡುತ್ತಾಳೆ. ಆದರೆ ಮೂರು ತುಂಬಿದರೂ ಒಂದು ಮಾತಿಲ್ಲ. ಜನವರಿಯಲ್ಲಿ ತಮ್ಮ ಫ್ಲ್ಯಾಟಿರುವ ಬ್ಲಾಕಿನ ಕೆಳಗಿನ ಶಿಶುವಿಹಾರಕ್ಕೆ ಸೇರಿಸಬೇಕೆಂದು ಹಂಸಾಳ ಆಸೆ. ಅಷ್ಟು ಮಕ್ಕಳ ನಡುವೆ, ಬೇಕು ಬೇಡ ಎನ್ನಲೂ ಬಾರದ ಮಗುವನ್ನು ಬಿಟ್ಟು ಬರುವುದು ಹೇಗೆ?

ಹಾಗಾಗಿ ಅವಳು ಮಾತಾಡುತ್ತಲೇ ಇದ್ದಳು. ಅನ್ನ, ಚಮಚ, ಹಕ್ಕಿ, ಬಸ್ಸು, ಕಂಡದ್ದೆಲ್ಲವನ್ನೂ ಹೇಳಿ ಹೇಳಿ ಗಂಟಲು ಕಟ್ಟಿತ್ತು.

ಮಾತು ಕಲಿಸುವ ಟೀಚರ್ ಹುಯ್‌ಲಿನ್ ಒಮ್ಮೆ ಮನೆಯ ಊಟದ ವಿಡಿಯೊ ತರಿಸಿಕೊಂಡು ನೋಡಿದರು. ಇಷ್ಟು ಮಾತಾಡುವ ತಾಯಿ ಅಪರೂಪ ಎಂದು ಹೊಗಳಿದರು. ಆಮೇಲೆ, ಇಲ್ಲಿ ಮಗು ಮಾತಾಡುವ ಅಗತ್ಯ ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು.

ಹಂಸಾ ವಿಡಿಯೊವನ್ನು ಮತ್ತೆ ನೋಡಿದಳು. ಮಗು ಬಾಯಿ ತೆರೆಯುವ ಮೊದಲೇ ತುತ್ತು ಸಿದ್ಧ. ಕಣ್ಣು ಲೋಟದ ಕಡೆ ಹೊರಳುವ ಮೊದಲೇ ನೀರು ಸಿದ್ಧ. ಮೈಸೂರಿನಲ್ಲಿ ಅವಳಮ್ಮ ಅವಳಿಗೆ ಉಣಿಸಿದ್ದೂ ಹೀಗೆಯೇ. ಪ್ರೀತಿಯೆಂದರೆ ಇದೇ ಎಂದುಕೊಂಡಿದ್ದಳು. ತುತ್ತು ತೋರಿಸಿ, ನಿಮ್ಮ ಭಾಷೆಯಲ್ಲೇ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ ಎಂದರು ಟೀಚರ್.

ಕಾಯುವುದು. ಅದೊಂದು ಅವಳಿಂದಾಗದು.

ಅಂದು ಸಂಜೆ “ಬೇಕಾ?” ಎಂದು ಕೇಳಿ, ತುತ್ತು ಹಿಡಿದು ಕಾದಳು. ಸಾರು ಮಣಿಕಟ್ಟಿಗೆ ಇಳಿಯಿತು. ಮಗು ಬಾಯಿ ತೆರೆಯಿತು, ಬೆರಳು ತೋರಿಸಿತು, ಕಾಲು ಅಪ್ಪಳಿಸಿತು. ಮೇಜಿನಡಿ ಹಂಸಾಳ ಕಾಲೂ ಕುಣಿಯುತ್ತಿತ್ತು.

“ಬಗ್ ಹುಡುಕೋ ಥರ ಮಗು ಬಾಯೇ ನೋಡ್ತಿದೀಯಲ್ಲ ಮಾರಾಯ್ತಿ. ಸ್ವಲ್ಪ ಉಸಿರಾಡು,” ಎಂದ ಗಂಡ ಕೌಶಿಕ್.

ಮಗು ಅತ್ತಿತು. ಅವಳು ಸೋತು ತುತ್ತಿಟ್ಟಳು. ಮರುದಿನವೂ ಸೋತಳು. ಆ ವಾರವೆಲ್ಲ ಹಾಗೆಯೇ.

ಶನಿವಾರ ಮೊಸರನ್ನ. ತನ್ಮಯಿ ಬೆಳಗಿನಿಂದ ಹಾಲು ಬಿಟ್ಟು ಏನೂ ಮುಟ್ಟಿರಲಿಲ್ಲ. ಹಂಸಾ ಕೇಳಿದಳು, ತುಟಿ ಕಚ್ಚಿ ಕಾದಳು. ಮಗು ತುತ್ತು ನೋಡಿತು, ಅಮ್ಮನ ಮುಖ ನೋಡಿತು, ಕೈಯನ್ನು ದೂರ ತಳ್ಳಿತು.

“ಬೇಡ.”

ದಪ್ಪಗೆ, ಒರಟಾಗಿ, ಆದರೆ ಸ್ಪಷ್ಟವಾಗಿ.

ಕೌಶಿಕ್ ಕುರ್ಚಿಯಿಂದ ಎದ್ದುಬಿಟ್ಟ. ಹಂಸಾಳ ಕೈ ಮಾತ್ರ ತಾನಾಗಿಯೇ ಮಗುವಿನ ಬಾಯಿಯತ್ತ ಹೋಗುತ್ತಿತ್ತು. ಒಂದೇ ಒಂದು ತುತ್ತು ಪುಟ್ಟಾ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಉಣಿಸಿದರೆ, ಮಗುವಿನ ಮೊದಲ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದಾಗುತ್ತದೆ. ಕೈ ಹಿಂದಕ್ಕೆಳೆದುಕೊಂಡಳು.

“ಸರಿ. ಬೇಡ.”

ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ತಾನಂದದ್ದಕ್ಕೆ ಅಷ್ಟು ದೊಡ್ಡ ತಟ್ಟೆಯೇ ಎದ್ದು ಹೋದದ್ದನ್ನು ತನ್ಮಯಿ ಬೆರಗಿನಿಂದ ನೋಡಿದಳು. ಕೌಶಿಕ್ ನೀರಿನ ಲೋಟ ಹಿಡಿದ. ಅದಕ್ಕೂ “ಬೇಡ” ಬಿತ್ತು. ಅವನು ನಕ್ಕು ಲೋಟವನ್ನು ಕೆಳಗಿಟ್ಟ.

“ಹಸಿವಾಗತ್ತೆ ಕಣೋ ಅವಳಿಗೆ,” ಎಂದಳು ಹಂಸಾ ಒಳಗಿನಿಂದ.

“ಆಗ್ಲಿ ಬಿಡೇ.”

ಬೆರಳುಗಳ ಮೇಲೆ ಮೊಸರನ್ನ ಒಣಗುತ್ತಿತ್ತು. ನಲ್ಲಿಯ ಮುಂದೆಯೇ ನಿಂತಿದ್ದರೂ ಕೈ ತೊಳೆಯಲು ಅವಳಿಗೆ ಮನಸ್ಸು ಬರಲಿಲ್ಲ.